ಸುರುಳಿಯ ಚಿತ್ರ, ಗೋಡೆಯ ಚಿತ್ರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ನಮಗೆ ಚಿತ್ರವೆಂದರೆ ಮೊಳೆಗೆ ತೂಗುಹಾಕಿದ ದೇವರ ಪಟ. ಹೊಗೆ ಹಿಡಿದು ಮಾಸುವವರೆಗೆ ಅದು ಅಲ್ಲಿಯೇ. ಮುಂಬಯಿಯಲ್ಲಿ ಜಪಾನೀ ಚಿತ್ರಗಳ ಪ್ರದರ್ಶನವೊಂದನ್ನು ನೋಡಿದಾಗ ನಾನು ಬೆರಗಾದದ್ದು ಇದಕ್ಕೇ: ಅಲ್ಲಿನ ಸಂಪ್ರದಾಯದ ಸುರುಳಿಚಿತ್ರ ಸದಾ ಗೋಡೆಯ ಮೇಲಿರುವುದಿಲ್ಲ. ಋತುವಿಗೆ ತಕ್ಕುದನ್ನು ಬಿಚ್ಚಿ ತೂಗುತ್ತಾರೆ; ಋತು ಕಳೆದೊಡನೆ ಸುತ್ತಿ ಪೆಟ್ಟಿಗೆಯಲ್ಲಿಡುತ್ತಾರೆ. ಪಕ್ಕದ ಕೋಣೆಯಲ್ಲಿದ್ದ ಇಂದಿನವರ ಚಿತ್ರಗಳಲ್ಲಿ ವಸ್ತು ಬೇರೆ. ಹಲವರು ಬಳಸಿದ್ದು ಮಾತ್ರ ಅದೇ ಖನಿಜದ ಬಣ್ಣ, ಅದೇ ಅಂಟು.

ಕೇಳುಗರೇ, ಈ ಕಲೆ ನಮಗೆ ತೀರ ಪರಕೀಯವಲ್ಲ. 1903ರಲ್ಲಿ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್‌ಸೋ ಕಲಕತ್ತೆಗೆ ಬಂದಿದ್ದರು. ತೈಕಾನ್ ಕಾಗದದ ಮೇಲೆ ಒದ್ದೆ ಕುಂಚವಾಡಿಸುವುದನ್ನು ಕಂಡ ಅವನೀಂದ್ರನಾಥ ಠಾಕೂರರು ಕಾಗದವನ್ನೇ ನೀರಿನಲ್ಲಿ ಅದ್ದಿ ತೆಗೆಯುವ ತೆಳುವರ್ಣದ ಪದ್ಧತಿಯನ್ನು ರೂಢಿಸಿದರು. ಅವರ ಶಿಷ್ಯರೇ ನಮ್ಮ ಮೈಸೂರು ಸೀಮೆಯ ಕೆ. ವೆಂಕಟಪ್ಪನವರು. ಅವರ ಊಟಿಯ ನಿಸರ್ಗಚಿತ್ರಗಳ ಮುಂದೆ ನಿಂತಾಗ ಆ ನಂಟು ನೆನಪಾಗುತ್ತದೆ.

ಊರಿಗೆ ಮರಳುವಾಗ ವಿಜಯಪುರದಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ಕುಮಟಗಿಯಲ್ಲಿ ಇಳಿದೆ. ಆದಿಲಶಾಹಿಗಳ ಜಲವಿಹಾರದ ಮಂಟಪದಲ್ಲಿ, ಗೋಡೆಯ ಮೇಲೆ, ಕುಸ್ತಿಯ ಜಟ್ಟಿಗಳು, ಕುದುರೆಯೇರಿ ಚೆಂಡಾಡುವವರು. ಬಣ್ಣ ಮಾಸಿದೆ, ಮೈಮೇಲೆಲ್ಲ ಕೊರೆದ ಹೆಸರುಗಳು. ಬಾಲ್ಯದಲ್ಲಿ ಮೊಳೆ ಹಿಡಿದು ಅಲ್ಲಿ ಗೀಚಿದವರಲ್ಲಿ ನಾನೂ ಒಬ್ಬ. ಗೋಡೆಯನ್ನು ಸುತ್ತಿಡಲಾಗದು, ನಿಜ, ಕೈಯನ್ನಾದರೂ ತಡೆಯಬಹುದಿತ್ತು. ಅದನ್ನು ಕಲಿಯಲು ನಾನು ಮುಂಬಯಿಯವರೆಗೆ ಹೋಗಬೇಕಾಯಿತು.