ವಿಧಾನಸೌಧ ನೋಡಲು ಹೋಗೋಣ ಬನ್ನಿ



ಈ ಸಲ ನಮ್ಮ ಕಲಿಕಾ ಕೇಂದ್ರದಿಂದ ಬೆಂಗಳೂರಿಗೆ ಹೋಗಿ ಬರೋಣ ಅಂತ ಮಾತಾಗಿದೆ. ಧರ್ಮಸ್ಥಳಕ್ಕೆ ಹೋಗಿದ್ದೀವಿ. ಮಾದಪ್ಪನ ಬೆಟ್ಟಕ್ಕೂ ಹೋಗಿದ್ದೀವಿ. ರಾಜಧಾನಿಗೆ ಮಾತ್ರ ಆಸ್ಪತ್ರೆಗೆ ಅಂತಲೋ, ಮದುವೆಗೆ ಅಂತಲೋ ಹೋದೋರೇ ಹೆಚ್ಚು. ಬಸ್ಸಿನ ಕಿಟಕಿಯಿಂದ ವಿಧಾನಸೌಧ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ.

ಈ ಸುದ್ದಿ ಊರಲ್ಲಿ ಹಬ್ಬಿದ ಮೇಲೆ ಕಟ್ಟೆ ಮೇಲೆ ಒಂದು ಮಾತು ಕೇಳಿ ಬಂತು. "ಹೆಂಗಸರಿಗೆ ವಿಧಾನಸೌಧದಲ್ಲಿ ಏನು ಕೆಲಸ?" ಅಂತ. ಕೇಳಲಿ ಬಿಡಿ. ಆದರೆ ನಮ್ಮಲ್ಲೇ ಕೆಲವರಿಗೆ ಆ ಮಾತು ನಾಟಿದೆ. ಇಬ್ಬರು ಬಂದು "ನಾವು ಬರಲ್ಲ, ನಮ್ಮ ಹೆಸರು ಹೊಡೆದುಹಾಕಿ" ಅಂದರು. ಅದಕ್ಕೇ ಇವತ್ತು ಸ್ವಲ್ಪ ಬಿಡಿಸಿ ಮಾತಾಡೋಣ.

ನಾವು ಅಂಗಡಿಯಲ್ಲಿ ಸೋಪು ಕೊಳ್ಳುತ್ತೇವೆ. ಬೆಂಕಿಪೊಟ್ಟಣ ಕೊಳ್ಳುತ್ತೇವೆ. ಅದರ ಬೆಲೆಯಲ್ಲಿ ತೆರಿಗೆ ಸೇರಿದೆ. ಆ ದುಡ್ಡಲ್ಲಿ ಒಂದು ಪಾಲು ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಾಕಿಸಿಕೊಂಡು ಓಟು ಹಾಕುತ್ತೇವೆ. ಹಾಗೆ ಗೆದ್ದವರು ಹೋಗಿ ಕೂರುವುದು ಆ ಕಟ್ಟಡದಲ್ಲೇ. ನಮ್ಮ ರೇಷನ್ನು, ನಮ್ಮ ಪಿಂಚಣಿ, ನಮ್ಮ ಶಾಲೆಗೆ ಮೇಷ್ಟ್ರು ಇವೆಲ್ಲ ತೀರ್ಮಾನ ಆಗುವುದೂ ಅಲ್ಲೇ. ಕೆಲಸ ಇಲ್ಲ ಅಂದರೆ ಹೇಗೆ?

ಆ ಕಟ್ಟಡದ ಕತೆ ಕೇಳಿ. 1951ರ ಜುಲೈ 13ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದರು. ಆಮೇಲೆ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಅದನ್ನು ಇನ್ನೂ ದೊಡ್ಡದಾಗಿ ಕಟ್ಟಿಸಿದರು. 1956ರಲ್ಲಿ ಮುಗಿಯಿತು. ಬೆಂಗಳೂರಿನ ಸುತ್ತಮುತ್ತಲ ಕಲ್ಲನ್ನೇ ತಂದು ಕಟ್ಟಿದ್ದು. ಕಲ್ಲು ಕುಟಿಗರ ಜೊತೆ ಜೈಲಿನ ಕೈದಿಗಳೂ ದುಡಿದರು. ಮುಂದೆ 45 ಮೆಟ್ಟಿಲು ಇವೆ. ಒಂದೊಂದು ಮೆಟ್ಟಿಲೂ 200 ಅಡಿಗಿಂತ ಅಗಲ. ನಮ್ಮ ಕೇಂದ್ರದವರೆಲ್ಲ ಒಂದೇ ಮೆಟ್ಟಿಲ ಮೇಲೆ ಸಾಲಾಗಿ ನಿಂತರೂ ಜಾಗ ಉಳಿಯುತ್ತದೆ! ಮೆಟ್ಟಿಲ ಮೇಲೆ 12 ಕಂಬ, ಒಂದೊಂದು 40 ಅಡಿ ಎತ್ತರ. ಇನ್ನೂ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರಗಳಿವೆ. 'ಸರ್ಕಾರದ ಕೆಲಸ ದೇವರ ಕೆಲಸ' ಅಂತ. ಅದನ್ನು ಯಾರೂ ಓದಿ ಹೇಳಬೇಕಾಗಿಲ್ಲ. ನೀವೇ ಓದಿ. ಕೂಡಿಸಿ ಕೂಡಿಸಿ ಓದಿದರೂ ಸರಿ. ಆ ಮಾತು ನಿಜವೋ ಅಲ್ಲವೋ ಅನ್ನುವುದನ್ನೂ ನೀವೇ ಹೇಳಿ. ನಾಡಕಚೇರಿಗೆ ನಾಲ್ಕು ಸಲ ಅಲೆದವರು ನಮ್ಮಲ್ಲಿ ಇದ್ದಾರಲ್ಲ!

ಒಳಗೆ ವಿಧಾನಸಭೆ ಇದೆ. ಅಲ್ಲಿ 224 ಸದಸ್ಯರು. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲು. ಅಲ್ಲಿ ಎಷ್ಟು ಜನ ಅಂತೀರಿ? 2023ರ ಚುನಾವಣೆಯಲ್ಲಿ ಗೆದ್ದ ಹೆಂಗಸರು ಬರೀ 10. ಬೆರಳೆಣಿಕೆ ಅನ್ನುತ್ತಾರಲ್ಲ, ಹಾಗೆ. ಮೂರರಲ್ಲಿ ಒಂದು ಪಾಲು ಸೀಟು ಹೆಂಗಸರಿಗೆ ಮೀಸಲಿಡಬೇಕು ಅಂತ 2023ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಆಯಿತು. ಆದರೆ ಜನಗಣತಿ ಮುಗಿದು, ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಿದ ಮೇಲೆ ಅದು ಜಾರಿ ಅಂತ ಅದರಲ್ಲೇ ಬರೆದಿದೆ.

ಇದೇ ಸಭೆಯನ್ನು ಒಬ್ಬ ಹೆಂಗಸು ನಡೆಸಿದ್ದೂ ಉಂಟು. ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದ ಕೆ.ಎಸ್. ನಾಗರತ್ನಮ್ಮ. 1972ರಲ್ಲಿ ಅವರು ಸಭಾಧ್ಯಕ್ಷರಾದರು. ಗಂಡಸರೆಲ್ಲ ಜಗಳ ಆಡುವಾಗ 'ಕೂತುಕೊಳ್ಳಿ' ಅನ್ನುವ ಅಧಿಕಾರ ಆ ಕುರ್ಚಿಗೆ ಇದೆ.

ಇನ್ನು ಹೋಗುವ ವಿಷಯ. ಭಾನುವಾರವೇ ಹೋಗಬೇಕು. ಯಾಕೆ ಅಂದರೆ, ವಿಧಾನಸೌಧದ ಒಳಗೆ ಕರೆದುಕೊಂಡು ಹೋಗಿ ತೋರಿಸುವ ಏರ್ಪಾಡು 2025ರ ಜೂನ್‌ನಲ್ಲಿ ಶುರುವಾಯಿತು. ಭಾನುವಾರ, ಮತ್ತು ಎರಡನೇ, ನಾಲ್ಕನೇ ಶನಿವಾರ ಅಂತ ಗೊತ್ತು ಮಾಡಿದರು. ಗುಂಪು ಗುಂಪಾಗಿ ಬಿಡುತ್ತಾರೆ. ಶುರುವಾದಾಗ ದೊಡ್ಡವರಿಗೆ 50 ರೂಪಾಯಿ ಇಟ್ಟಿದ್ದರು. ಟಿಕೆಟ್ಟನ್ನು ಮೊಬೈಲಿನಲ್ಲಿ ಮೊದಲೇ ತೆಗೆಯಬೇಕು. ಈಗಿನ ದರ, ಹೊತ್ತು ಎಲ್ಲ ಕೇಳಿಕೊಂಡು ನಾವು ತೆಗೆಸುತ್ತೇವೆ. ನೀವು ಆಧಾರ್ ಕಾರ್ಡು ತರಬೇಕು. ಜೆರಾಕ್ಸ್ ಬೇಡ, ಮೂಲ ಕಾರ್ಡೇ ತನ್ನಿ.

ಆ ಕಾರ್ಡು ಬಸ್ಸಿಗೂ ಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಕೆಂಪು ಬಸ್ಸಿನಲ್ಲಿ ನಮ್ಮಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ರಾಜಹಂಸ, ಎ.ಸಿ. ಬಸ್ಸು ಅದಕ್ಕೆ ಸೇರಿಲ್ಲ. ದುಡ್ಡು ಇಲ್ಲ ಅಂತ ಟಿಕೆಟ್ ಬಿಡಬೇಡಿ. ಸೊನ್ನೆ ರೂಪಾಯಿ ಟಿಕೆಟ್ಟು ಕೇಳಿ ಇಸಕೊಳ್ಳಿ. ಅದರಲ್ಲಿ ಎಲ್ಲಿಂದ ಎಲ್ಲಿಗೆ ಅಂತ ಬರೆದಿರುತ್ತೆ. ಓದಿ ನೋಡಿ.

ಮೆಜೆಸ್ಟಿಕ್ಕಿನಲ್ಲಿ ಇಳಿದು ಮೆಟ್ರೋ ರೈಲು ಹತ್ತೋಣ. ಅಲ್ಲಿ ಮಾತ್ರ ದುಡ್ಡು ಕೊಡಬೇಕು. ನೇರಳೆ ಬಣ್ಣದ ಮಾರ್ಗ ನೋಡಿಕೊಳ್ಳಿ. ಎರಡನೇ ನಿಲ್ದಾಣವೇ ನಮ್ಮದು. ಅಲ್ಲಿ 'ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ' ಅಂತ ಕನ್ನಡದಲ್ಲಿ ಬೋರ್ಡು ಇದೆ. ರೈಲು ನೆಲದ ಒಳಗೆ ಹೋಗುತ್ತೆ, ಹೆದರಬೇಡಿ. ಬಾಗಿಲು ತಾನೇ ತೆರೆದು ತಾನೇ ಮುಚ್ಚಿಕೊಳ್ಳುತ್ತೆ. ಸೆರಗು ಎಳೆದುಕೊಂಡು ನಿಲ್ಲಿ. ಯಾರಾದರೂ ಇಳಿಯದೆ ಉಳಿದುಬಿಟ್ಟರೆ ಗಾಬರಿ ಬೇಡ. ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಂತಿರಿ. ಅದರ ಹೆಸರು ಕಬ್ಬನ್ ಪಾರ್ಕ್. ನಾವೇ ಬಂದು ಕರೆದುಕೊಳ್ಳುತ್ತೇವೆ.

ವಿಧಾನಸೌಧದ ಎದುರಿಗೇ ಕೆಂಪು ಬಣ್ಣದ ಉದ್ದನೆಯ ಕಟ್ಟಡ ಹೈಕೋರ್ಟು. ಹಳಬರು ಅದನ್ನು ಅಠಾರಾ ಕಚೇರಿ ಅನ್ನುತ್ತಾರೆ. ಅಠಾರಾ ಅಂದರೆ 18. 1868ರಲ್ಲಿ ಕಟ್ಟಿ ಮುಗಿಸಿದಾಗ ಸರ್ಕಾರದ 18 ಇಲಾಖೆ ಅಲ್ಲಿದ್ದವು. ಭಾನುವಾರ ಕೋರ್ಟಿಗೆ ರಜೆ. ಹೊರಗಿನಿಂದ ನೋಡಿದರೆ ಸಾಕು. 1980ರ ದಶಕದಲ್ಲಿ ಇದನ್ನು ಕೆಡವುವ ಮಾತು ಬಂದಿತ್ತು. ಜನ ಬಿಡಲಿಲ್ಲ, ಉಳಿಯಿತು.

ಅಲ್ಲಿಂದ ಕಬ್ಬನ್ ಪಾರ್ಕಿನ ಮರದ ನೆರಳಲ್ಲಿ ನಡೆದುಕೊಂಡು ಹೋದರೆ ಕಸ್ತೂರಬಾ ರಸ್ತೆ. ಅಲ್ಲಿ ಸರ್ಕಾರಿ ಮ್ಯೂಸಿಯಂ ಇದೆ. ಮ್ಯೂಸಿಯಂ ಅಂದರೆ ಹಳೆಯ ಕಾಲದ ವಸ್ತುಗಳನ್ನು ಜೋಪಾನ ಮಾಡಿಟ್ಟ ಮನೆ. 1865ರಲ್ಲಿ ಶುರುವಾಗಿದ್ದು. ಸೋಮವಾರ ಅದಕ್ಕೆ ರಜೆ. ಇಂಥ ಹಳೆ ಕಟ್ಟಡಗಳನ್ನು ಆಗಾಗ ರಿಪೇರಿಗೂ ಮುಚ್ಚುತ್ತಾರೆ. ಹಾಗಾಗಿ ಹಿಂದಿನ ದಿನವೇ ವಿಚಾರಿಸಿಕೊಂಡು ಹೊರಡುತ್ತೇವೆ.

ಆ ಮ್ಯೂಸಿಯಂಗೆ ಸೇರಿದ ಒಂದು ಕಲ್ಲನ್ನು ನೋಡಲೇಬೇಕು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಸಾವಿರ ವರ್ಷಕ್ಕೂ ಹಿಂದಿನದು. ಮಣಲೇರ ಅನ್ನುವ ವೀರ ಒಬ್ಬ ಇದ್ದ. ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಗಂಗರ ದೊರೆ ಬೂತುಗ 'ಏನು ಬೇಕು ಕೇಳು' ಅಂದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. 'ನಿಮ್ಮ ಕಾಳಿ ಅನ್ನುವ ನಾಯಿ ಕೊಡಿ' ಅಂದ. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಆ ಕಲ್ಲು ನಿಲ್ಲಿಸಿದರು. ಅದರ ಪೂಜೆಗೆ ಅಂತ ಭೂಮಿಯನ್ನೂ ಬಿಟ್ಟರು. ಪೂಜೆ ಮಾಡದೆ ಉಂಡರೆ ಪೂಜಾರಿಗೆ ಪಾಪ ಅಂತಲೂ ಬರೆಸಿದರು.

ಅದರ ಅಕ್ಷರ ನಮಗೆ ಓದಲು ಬರಲ್ಲ. ಹಳೆಯ ಕನ್ನಡ ಅದು. ಎಂ.ಎ. ಓದಿದವರೂ ಅದರ ಮುಂದೆ ನಮ್ಮ ಹಾಗೇ ಬೆರಳಿಟ್ಟು ತಡವರಿಸಬೇಕು.

ಪಕ್ಕದಲ್ಲೇ ವಿಶ್ವೇಶ್ವರಯ್ಯ ಮ್ಯೂಸಿಯಂ. ಯಂತ್ರಗಳದ್ದು. 1962ರಲ್ಲಿ ನೆಹರೂ ಅವರೇ ಉದ್ಘಾಟನೆ ಮಾಡಿದ್ದು. ಮೊದಲ ವಿಮಾನದ ಮಾದರಿ ಅಲ್ಲಿದೆ. ಗುಂಡಿ ಒತ್ತಿದರೆ ತಿರುಗುವ ಸಾಮಾನುಗಳಿವೆ. ಮಕ್ಕಳನ್ನು ಕರೆತಂದವರಿಗೆ ಅಲ್ಲಿಂದ ಹೊರಡಿಸುವುದೇ ಕಷ್ಟ ಆಗುತ್ತೆ. ಹೊತ್ತಿದ್ದರೆ ನೋಡೋಣ.

ಕೆಲವರು ಪಿಂಚಣಿ ಅರ್ಜಿಯನ್ನೂ ತಂದು ವಿಧಾನಸೌಧದಲ್ಲಿ ಕೊಡುತ್ತೇವೆ ಅಂದಿದ್ದಾರೆ. ಅದು ಬೇಡ. ಭಾನುವಾರ ಕಚೇರಿ ಇರಲ್ಲ. ಆ ಅರ್ಜಿ ಕೊಡಬೇಕಾದ ಜಾಗ ನಮ್ಮ ನಾಡಕಚೇರಿಯೇ. ಅಲ್ಲಿಗೆ ಬೇರೆ ದಿನ ಒಟ್ಟಿಗೆ ಹೋಗೋಣ.

ಬುತ್ತಿ ಮನೆಯಿಂದಲೇ ಕಟ್ಟಿಕೊಳ್ಳಿ. ಚಿತ್ರಾನ್ನ, ರೊಟ್ಟಿ, ಚಟ್ನಿಪುಡಿ ಯಾವುದಾದರೂ ಸರಿ. ಪಾರ್ಕಿನ ಹತ್ತಿರ ಕೂತು ಉಂಡು, ಎಲೆ ಕಾಗದ ಅಲ್ಲೇ ಬಿಸಾಡದೆ ತರೋಣ. ನೀರು ಕುಡಿಯೋಕೆ ಹಿಂದೆಮುಂದೆ ನೋಡಬೇಡಿ. ಪಾಯಿಖಾನೆ ಎಲ್ಲಿ ಸಿಗುತ್ತೋ ಅಂತ ದಿನವೆಲ್ಲ ಗಂಟಲು ಒಣಗಿಸಿಕೊಂಡು ಇರುವ ಅಭ್ಯಾಸ ನಮಗೆ. ಮೆಟ್ರೋ ನಿಲ್ದಾಣದಲ್ಲಿ, ಮ್ಯೂಸಿಯಂನಲ್ಲಿ ಇರುತ್ತೆ. 'ಮಹಿಳೆಯರು' ಅಂತ ಬೋರ್ಡು ನೋಡಿ ಹೋಗಿ. ಮುಜುಗರ ಬೇಡ, ಕೇಳಿ.

ಬರುವವರು ಗುರುವಾರದ ಪಾಠಕ್ಕೆ ಮುಂಚೆ ಒಂದು ಚೀಟಿ ಕೊಡಬೇಕು. ಹೆಸರು, ವಯಸ್ಸು, ಮನೆಯವರ ಫೋನ್ ನಂಬರು. ಮಗನ ಕೈಲೋ ಮೊಮ್ಮಗಳ ಕೈಲೋ ಬರೆಸಬೇಡಿ, ನೀವೇ ಬರೆಯಿರಿ. ಒತ್ತಕ್ಷರ ತಪ್ಪಿದರೂ ಚೀಟಿ ತೆಗೆದುಕೊಳ್ಳುತ್ತೇವೆ. ಹೆಸರು ಹೊಡೆದುಹಾಕಿ ಅಂದಿದ್ದ ಆ ಇಬ್ಬರ ಹೆಸರನ್ನು ನಾವು ಇನ್ನೂ ಹೊಡೆದಿಲ್ಲ.