ಮೈಸೂರು ಶಾಯಿಗಿಂತ ಮುಂಚಿನ ಪೆಟ್ಟಿಗೆಗಳು

ಹೋದ ತಿಂಗಳು ಒಂದು ಊಟದ ಸಾಲಿನಲ್ಲಿ ನಿಂತು ನಾನೂ ನಮ್ಮ ಹಿರಿಯರೊಬ್ಬರೂ ಜಗಳವಾಡಿದೆವು. ಮೊದಲ ಮಹಾಚುನಾವಣೆಯಲ್ಲೇ ಮೈಸೂರಿನ ಶಾಯಿ ದೇಶದ ಬೆರಳಿಗೆ ಹತ್ತಿತು ಅಂತ ಅವರ ಪಟ್ಟು. ಅಲ್ಲ ಸ್ವಾಮಿ! 1952ರಲ್ಲೂ ಶಾಯಿ ಇತ್ತು, ನಮ್ಮದಲ್ಲ ಅಷ್ಟೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ನಮ್ಮ ಮೈಸೂರಿನ ಅರಗು-ಬಣ್ಣದ ಕಾರ್ಖಾನೆ ಮತದ ಶಾಯಿ ಕೊಟ್ಟದ್ದು 1962ರ ಚುನಾವಣೆಗೆ. ಅದರಲ್ಲಿರೋದು ಸಿಲ್ವರ್ ನೈಟ್ರೇಟ್, ಬಿಸಿಲು ಬಿದ್ದರೆ ಕಪ್ಪಾಗುತ್ತೆ. ನಾನೀಗ ಇರೋ ಅಮೆರಿಕದ ಸ್ನೊಕ್ವಾಲ್ಮಿಯ ಮೋಡದ ನವೆಂಬರಿನಲ್ಲಾದರೆ ಜುಲೈವರೆಗೆ ಕಾಯಬೇಕಾದೀತು.

ನನಗೆ ಹುಚ್ಚು ಹಿಡಿಸಿದ್ದು ಶಾಯಿಯಲ್ಲ, ಪೆಟ್ಟಿಗೆ. ಆ ಮೊದಲ ಚುನಾವಣೆಯಲ್ಲಿ ಹದಿನೇಳು ಕೋಟಿ ಮತದಾರರು, ಬಹುಪಾಲು ಓದು ಬಾರದವರು. ಕನ್ನಡಿಗರಂತೂ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಅಂತ ಐದು ಕಡೆ ಹಂಚಿಹೋಗಿದ್ದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಮಾಡಿದ ಏರ್ಪಾಡು ನೋಡಿ: ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಉಕ್ಕಿನ ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಕಾಂಗ್ರೆಸ್ಸಿಗೆ ಜೋಡೆತ್ತು, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು. ಗುರುತು ಹಾಕೋ ಹಾಗಿಲ್ಲ, ಮುದ್ರೆ ಒತ್ತೋ ಹಾಗಿಲ್ಲ. ಮರೆಗೆ ಹೋಗಿ, ಬೇಕಾದ ಪೆಟ್ಟಿಗೆಗೆ ಕಾಗದ ಇಳಿಬಿಟ್ಟರೆ ಮುಗೀತು.

ಹೈಸ್ಕೂಲಿನಲ್ಲಿ ನಮಗೆ ವ್ಯಾಕರಣ ಹೇಳುತ್ತಿದ್ದ ಮೇಷ್ಟ್ರು ಆಗ ಮತಗಟ್ಟೆ ಡ್ಯೂಟಿ ಮಾಡಿದವರು. ಒಬ್ಬ ಅಜ್ಜಿ ಕಾಗದ ಕೈಯಲ್ಲೇ ಹಿಡಿದು ಹೊರಗೆ ಬಂದಳಂತೆ. ಯಾಕಮ್ಮಾ ಅಂದರೆ, “ಎತ್ತೂ ಬೇಕು, ಗುಡಿಸಲೂ ಬೇಕಲ್ಲಪ್ಪಾ!” ಸಂಧಿ ಸಮಾಸ ಬಿಟ್ಟು ಅರ್ಧ ಪೀರಿಯಡ್ಡು ಇದನ್ನೇ ಹೇಳಿ ನಗೋರು. ಕೊನೆಗೆ ಆಕೆಯನ್ನು ಮತ್ತೆ ಒಳಗೆ ಕಳಿಸಿದರಂತೆ.

ಏರ್ಪಾಡು ಕೆಟ್ಟದ್ದೂ ಅಲ್ಲೇ. ಮರೆಯೊಳಗೆ ಮತದಾರ ಒಬ್ಬನೇ. ಕಾಗದವನ್ನು ಜೇಬಿಗಿಳಿಸಿ ಹೊರಗೆ ತಂದು ಮಾರಬಹುದಿತ್ತು. ಕೊಂಡವನು ಹತ್ತಾರು ಕಾಗದ ಒಟ್ಟಿಗೆ ತನ್ನ ಪೆಟ್ಟಿಗೆಗೆ ತುರುಕಬಹುದಿತ್ತು. ಅದಕ್ಕೇ ಮುಂದೆ ಒಂದೇ ಕಾಗದದಲ್ಲಿ ಎಲ್ಲರ ಹೆಸರು, ಅದರ ಮೇಲೆ ಮುದ್ರೆ ಬಂತು. 1962ರ ಹೊತ್ತಿಗೆ ಬೇರೆ ಬೇರೆ ಪೆಟ್ಟಿಗೆ ಮಾಯ. ನಾನು ಹಿರಿಯರಿಗೆ ಹೇಳಹೊರಟದ್ದು ಇದು: ಮೈಸೂರಿನ ಶಾಯಿ ಬರುವಷ್ಟರಲ್ಲಿ ಆ ಪೆಟ್ಟಿಗೆ ಹೊರಟುಹೋಗಿತ್ತು. ಹೇಳೋಷ್ಟರಲ್ಲಿ ಬಿಸಿಬೇಳೆ ಬಾತು ಖಾಲಿ.

ಈಗ ಇಲ್ಲಿ ನಮ್ಮೂರಿನ ಡ್ರಾಪ್ ಬಾಕ್ಸಿಗೆ ನಾನು ಮತದ ಲಕೋಟೆ ಹಾಕ್ತೀನಿ. ಬೆರಳು ಬೆಳ್ಳಗೇ ಇರುತ್ತೆ. ಸಹಿ ತಾಳೆಯಾದರೆ ನಾನು ನಾನೇ. ಇಷ್ಟು ಕಾಗದಪತ್ರದ ಮೇಲೆ ನಿಂತ ನಂಬಿಕೆ ದೊಡ್ಡದೋ, ಮರೆಯ ಹಿಂದೆ ಅಕ್ಷರ ಬಾರದವರನ್ನು ಒಬ್ಬೊಬ್ಬರನ್ನೇ ಬಿಟ್ಟದ್ದು ದೊಡ್ಡದೋ? ಮಾರಿಕೊಂಡವರೂ ಇದ್ದರಲ್ಲ? ಆ ಅಜ್ಜಿ ಎರಡನೇ ಸಲ ಒಳಗೆ ಹೋದವಳು ಕಾಗದವನ್ನು ಎತ್ತಿಗೆ ಹಾಕಿದಳೋ, ಗುಡಿಸಲಿಗೆ ಹಾಕಿದಳೋ, ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಹೋದಳೋ? ಮೇಷ್ಟ್ರನ್ನು ಯಾಕೆ ನಾನು ಆಗಲೇ ಕೇಳಲಿಲ್ಲ?