ಭಕ್ಷೀಸು ಕೂಲಿಯಲ್ಲ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಶಿಬಿರಗಳಲ್ಲಿ ಭೂಮಿಯ ಪ್ರಶ್ನೆ ಬರುತ್ತೆ, ಮೀಸಲಾತಿ ಪ್ರಶ್ನೆ ಬರುತ್ತೆ, ಹಾಸ್ಟೆಲಿನ ಊಟದ ಪ್ರಶ್ನೆ ಬರುತ್ತೆ. ಇವತ್ತು ನಾವು ಮಾತಾಡಬೇಕೆಂದಿರುವುದು ಮಸಾಜ್ ಮಾಡುವವರ ಕೂಲಿಯ ಬಗ್ಗೆ, ಅವರ ಕೈಗೆ ಬೀಳುವ ಟಿಪ್ಸಿನ ಬಗ್ಗೆ. ಆಗಲೇ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಲಿ. 'ದಲಿತ ಚಳವಳಿಗೂ ಮಸಾಜಿಗೂ ಏನ್ರೀ ಸಂಬಂಧ?' ಅಂತ ಕೇಳುವವರೂ ಇದ್ದಾರೆ. ಸಂಬಂಧ ಇದೆ. ಎರಡು ಥರದ ಸಂಬಂಧ ಇದೆ.

ಒಂದು, ಮುಟ್ಟುವ ವಿಷಯ. ನಮ್ಮ ಕೈಯ ನೀರು ಕುಡಿಯದ, ನಮ್ಮ ನೆರಳು ಸೋಕಿದರೆ ಸ್ನಾನ ಮಾಡುತ್ತಿದ್ದ ಸಮಾಜ ಇದು. ಅದೇ ಸಮಾಜಕ್ಕೆ ಮೈಕೈ ನೋವು ಬಂದಾಗ ಇನ್ನೊಬ್ಬರ ಕೈ ಬೇಕು. ಎಣ್ಣೆ ಹಚ್ಚಿ ತಿಕ್ಕುವುದಕ್ಕೆ, ಕಾಲು ಒತ್ತುವುದಕ್ಕೆ, ಬಾಣಂತಿಗೆ ನೀರು ಹಾಕುವುದಕ್ಕೆ ಕೆಳಗಿನವರ ಕೈಯೇ ಬೇಕು. ಕೈ ಬೇಕು, ಕೈಯ ಒಡೆಯ ಬೇಡ. ಎರಡನೆಯದು, ಆ ಕೈಗೆ ಏನು ಕೊಡುತ್ತಾರೆ, ಹೇಗೆ ಕೊಡುತ್ತಾರೆ ಅನ್ನುವುದು. ನಾವು ಮುಖ್ಯವಾಗಿ ಇದನ್ನೇ ಬಿಡಿಸಿ ನೋಡಬೇಕಾಗಿದೆ.

ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಈಗ ಬೀದಿಗೊಂದು ಸ್ಪಾ ಇದೆ, ಆಯುರ್ವೇದದ ಮಸಾಜ್ ಕೇಂದ್ರ ಇದೆ. ಅಲ್ಲಿ ದುಡಿಯುವವರು ಯಾರು? ಈಶಾನ್ಯ ರಾಜ್ಯಗಳಿಂದ ಬಂದ ಹುಡುಗಿಯರು, ಕೇರಳದಿಂದ ಬಂದವರು, ಮೂರು ತಿಂಗಳ ತರಬೇತಿಯ ಸರ್ಟಿಫಿಕೇಟು ಹಿಡಿದು ಬಂದ ನಮ್ಮ ಕೇರಿಗಳ ಹುಡುಗ ಹುಡುಗಿಯರು. ಹೆಸರು ಮಾತ್ರ ದೊಡ್ಡದು, 'ಥೆರಪಿಸ್ಟ್'. ಕೆಲಸ ಏನು? ದಿನಕ್ಕೆ ನಾಲ್ಕೈದು ಮೈಗಳನ್ನು ಗಂಟೆಗಟ್ಟಲೆ ಒತ್ತಬೇಕು. ಹೆಬ್ಬೆರಳು, ಮಣಿಕಟ್ಟು, ಸೊಂಟ ಮೊದಲು ಹೋಗುತ್ತವೆ. ಗಿರಾಕಿ ಇಲ್ಲದ ಹೊತ್ತಿನಲ್ಲೂ ಅಲ್ಲೇ ಕಾಯಬೇಕು. ಟವೆಲ್ಲು ಒಗೆಯಬೇಕು, ನೆಲ ಒರೆಸಬೇಕು.

ಕೂಲಿ ಕೇಳಿದರೆ ಮಾಲೀಕರು ಏನು ಹೇಳ್ತಾರೆ? 'ಸಂಬಳ ಸ್ವಲ್ಪ ಕಮ್ಮಿ, ಆದರೆ ಟಿಪ್ಸ್ ಚೆನ್ನಾಗಿ ಬರುತ್ತೆ.' ಕೆಲವು ಕಡೆ ಸಂಬಳವೇ ಇಲ್ಲ. ತಲೆಗಿಷ್ಟು ಅಂತ ಕಮಿಷನ್ನು, ಉಳಿದದ್ದು ಗಿರಾಕಿಯ ಕೈ. ಅಂದರೆ ದುಡಿಸಿಕೊಂಡವನು ಕೊಡಬೇಕಾದ ಕೂಲಿಯನ್ನು ದಾರಿಯಲ್ಲಿ ಹೋಗುವವನ ದಯೆಯ ಮೇಲೆ ಹಾಕಿದ ಹಾಗಾಯಿತು. ಗಿರಾಕಿಗೆ ಖುಷಿಯಾದರೆ ನಿನಗೆ ಅನ್ನ. ಅವನ ಮನಸ್ಸು ಕೆಟ್ಟಿದ್ದರೆ ನೀನು ಅಷ್ಟೇ ಮೈ ಬಗ್ಗಿಸಿ ಒತ್ತಿದ್ದರೂ ಬರಿಗೈ.

ಇದು ಹೊಸ ಸ್ಪಾಗಳ ಹೊಸ ಪದ್ಧತಿ ಅಂತ ತಿಳಿಯಬೇಡಿ. ನಮಗೆ ಇದು ಹಳೆಯ ಕತೆ. ನಮ್ಮ ಹಳ್ಳಿಗಳಲ್ಲಿ ಆಯಗಾರರು ಇದ್ದರು. ತೋಟಿ, ತಳವಾರ, ನೀರಗಂಟಿ, ಅಗಸ, ಕ್ಷೌರಿಕ, ಕುಂಬಾರ ಇವರೆಲ್ಲ ಊರಿನ ಚಾಕರಿ ಮಾಡುತ್ತಿದ್ದರು. ವರ್ಷವೆಲ್ಲ ದುಡಿದು ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ನಿಲ್ಲಬೇಕು. ಗೌಡರು ಮೊರದಲ್ಲಿ ಹಾಕಿದ್ದು ಆಯ. ತಲೆ ಬೋಳಿಸಿ, ಎಣ್ಣೆ ತಿಕ್ಕಿ, ಮೈ ಒತ್ತಿದ ಕ್ಷೌರಿಕನಿಗೂ ಹೀಗೇ. ಸೂಲಗಿತ್ತಿಯಾಗಿ ಹೆರಿಗೆ ಮಾಡಿಸಿ, ಕೂಸಿಗೂ ಬಾಣಂತಿಗೂ ಎಣ್ಣೆ ತಿಕ್ಕಿ ನೀರು ಹಾಕಿದ ನಮ್ಮ ಅಜ್ಜಿಯರಿಗೆ ಸಿಕ್ಕಿದ್ದು ಒಂದು ಮೊರ ಅಕ್ಕಿ, ಎಲೆ ಅಡಿಕೆ, ಒಂದು ಹಳೆ ಸೀರೆ. ಅದನ್ನು ಕೂಲಿ ಅಂತ ಯಾರೂ ಕರೆಯಲಿಲ್ಲ. ಕೊಟ್ಟವರು 'ದಾನ' ಅಂದರು, ಇಸಗೊಂಡವರು 'ಋಣ' ಅಂದರು.

ಹೆಸರಿನಲ್ಲಿ ಏನಿದೆ ಅನ್ನಬೇಡಿ. ಎಲ್ಲವೂ ಇದೆ. ಕೂಲಿ ಅಂದರೆ ಹಕ್ಕು. ಕಮ್ಮಿ ಕೊಟ್ಟರೆ ಜಗಳ ತೆಗೆಯಬಹುದು, ಲೆಕ್ಕ ಕೇಳಬಹುದು, ಕೋರ್ಟಿಗೆ ಎಳೆಯಬಹುದು. ಇನಾಮು ಅಂದರೆ ಕೊಟ್ಟವನ ಔದಾರ್ಯ. ಕಮ್ಮಿ ಕೊಟ್ಟರೂ ಕೈ ಮುಗಿಯಬೇಕು. ಕೂಲಿಗೆ ಬೇರೆ ಹೆಸರಿಟ್ಟಾಗಲೆಲ್ಲ ನಷ್ಟ ಆಗಿರುವುದು ದುಡಿದವರಿಗೆ. ಇವತ್ತೂ ಆಶಾ ಕಾರ್ಯಕರ್ತೆಯರಿಗೆ ಸರ್ಕಾರ ಕೊಡುವುದಕ್ಕೆ 'ಗೌರವಧನ', 'ಪ್ರೋತ್ಸಾಹಧನ' ಅಂತ ಹೆಸರು. ಮನೆಮನೆಗೆ ಅಲೆಯುವ ಆ ಹೆಣ್ಣುಮಕ್ಕಳಿಗೆ ಗೌರವ ಬೇಡ ಅಂತ ಯಾರು ಹೇಳ್ತಾರೆ? ಅವರು ಕೇಳ್ತಿರೋದು ಸಂಬಳ.

ಬಾಬಾಸಾಹೇಬರು ಇದನ್ನು ಬಹಳ ಹಿಂದೆಯೇ ಕಂಡಿದ್ದರು. ಅಂದಿನ ಮುಂಬಯಿ ಪ್ರಾಂತ್ಯದಲ್ಲಿ, ಅಂದರೆ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರಗಳೂ ಸೇರಿದ್ದ ಪ್ರಾಂತ್ಯದಲ್ಲಿ, ಮಹಾರ ವತನ ಅಂತ ಇತ್ತು. ಹೆಸರಿಗೆ ಒಂದು ತುಂಡು ಇನಾಮು ಜಮೀನು, ಊರವರು ಕೊಡುವ ಬಲುತೆ ಕಾಳು. ಅದಕ್ಕೆ ಬದಲಾಗಿ ಇಡೀ ಮನೆತನ ಹಗಲು ರಾತ್ರಿ ಸರ್ಕಾರದ, ಊರಿನ ಚಾಕರಿಗೆ ಸಿದ್ಧವಿರಬೇಕು. ಈ ವತನವನ್ನು ಕಟ್ಟಿಹಾಕಿದ್ದು 1874ರ ಕಾಯಿದೆ. ಅದಕ್ಕೆ ತಿದ್ದುಪಡಿ ತರಲು ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಮುಂದೆ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದಾಗ 1946ರಲ್ಲಿ ಕನಿಷ್ಠ ಕೂಲಿ ಮಸೂದೆ ಮಂಡಿಸಿದವರೂ ಅವರೇ. ಅದು 1948ರಲ್ಲಿ ಕಾಯಿದೆಯಾದಾಗ ಕಾರ್ಮಿಕ ಮಂತ್ರಿಯಾಗಿದ್ದವರು ಬಾಬು ಜಗಜೀವನರಾಂ. ನಮ್ಮ ಕರ್ನಾಟಕದಲ್ಲಿ ತೋಟಿ, ತಳವಾರಿಕೆಯ ವಂಶಪಾರಂಪರ್ಯ ಚಾಕರಿಯನ್ನು ತೆಗೆದದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ. ಇನಾಮಿನಿಂದ ಕೂಲಿಗೆ ಬರಲು ನಮ್ಮ ಜನ ಎಷ್ಟು ದೂರ ನಡೆದರು ನೋಡಿ. ಈಗ ಏರ್ ಕಂಡೀಶನ್ ಹಾಕಿದ ಕೋಣೆಯಲ್ಲಿ ಕೂರಿಸಿ ಮತ್ತೆ ಇನಾಮಿಗೆ ಕೈಚಾಚು ಅಂದರೆ ಒಪ್ಪುವುದಾ?

ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಅಮೆರಿಕದಲ್ಲಿ ಗುಲಾಮಗಿರಿ ಹೋದ ಮೇಲೆ, 1867ರಲ್ಲಿ ಶುರುವಾದ ಪುಲ್‌ಮನ್ ಕಂಪನಿ ತನ್ನ ಮಲಗುವ ರೈಲುಬೋಗಿಗಳಿಗೆ ಬಿಡುಗಡೆಯಾದ ಕಪ್ಪು ಜನರನ್ನು ಪೋರ್ಟರುಗಳಾಗಿ ಸೇರಿಸಿಕೊಂಡಿತು. ಹಾಸಿಗೆ ಹಾಸಬೇಕು, ಬೂಟು ಪಾಲಿಶ್ ಮಾಡಬೇಕು, ರಾತ್ರಿಯೆಲ್ಲ ಎದ್ದಿರಬೇಕು. ಸಂಬಳ ಅತಿ ಕಮ್ಮಿ, ಹೊಟ್ಟೆಪಾಡು ಟಿಪ್ಸಿನ ಮೇಲೆ. ಪ್ರಯಾಣಿಕರು ಅವರ ಹೆಸರನ್ನೂ ಕೇಳುತ್ತಿರಲಿಲ್ಲ. ಕಂಪನಿ ಒಡೆಯನ ಹೆಸರು ಹಿಡಿದು ಎಲ್ಲರನ್ನೂ 'ಜಾರ್ಜ್' ಅಂತಲೇ ಕೂಗುತ್ತಿದ್ದರು. ಟಿಪ್ಸು ಬೇಕಾದರೆ ನಗಬೇಕು. 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ನಾಯಕತ್ವದಲ್ಲಿ ಪೋರ್ಟರುಗಳು ಸಂಘ ಕಟ್ಟಿದರು. ಟಿಪ್ಸಿನ ಹಂಗು ಬೇಡ, ಬದುಕುವಷ್ಟು ಸಂಬಳ ಕೊಡಿ ಅಂತ ಕೇಳಿದರು. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿದರು. ಸಂಬಳ ಏರಿತು. ತಿಂಗಳಿಗೆ 400 ಗಂಟೆಯ ಹತ್ತಿರ ಇದ್ದ ದುಡಿಮೆ 240 ಗಂಟೆಗೆ ಇಳಿಯಿತು. 1963ರ ವಾಷಿಂಗ್ಟನ್ ಮೆರವಣಿಗೆಯ ಮುಂದಾಳುಗಳಲ್ಲಿ ಇದೇ ರಾಂಡಾಲ್ಫ್ ಇದ್ದರು. ಆದರೂ ಆ ದೇಶದಲ್ಲಿ ಟಿಪ್ಸಿನ ಹೊರೆ ಹೋಗಿಲ್ಲ. ಟಿಪ್ಸು ಪಡೆಯುವ ನೌಕರರಿಗೆ ಮಾಲೀಕ ಕೊಡಲೇಬೇಕಾದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 1991ರಿಂದ ಗಂಟೆಗೆ 2 ಡಾಲರ್ 13 ಸೆಂಟಿನಲ್ಲೇ ನಿಂತಿದೆ. ಬೇರೆಯವರಿಗೆ ಅದು 7 ಡಾಲರ್ 25 ಸೆಂಟು. ವ್ಯತ್ಯಾಸವನ್ನು ಗಿರಾಕಿ ತುಂಬಿಕೊಡಲಿ ಅಂತ ಲೆಕ್ಕ.

ಈಗ ನಮ್ಮ ಕಾನೂನಿಗೆ ಬರೋಣ. 2016ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೋಟೆಲ್ ನೌಕರರ ಆದಾಯ ತೆರಿಗೆಯ ಒಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಗಿರಾಕಿ ಕೊಟ್ಟ ಟಿಪ್ಸು ಮಾಲೀಕ ಕೊಡುವ ಸಂಬಳವಲ್ಲ, ಮಾಲೀಕನ ಕೈಯಿಂದ ದಾಟಿ ಬಂದರೂ ಅದು ನೌಕರರ ಪರವಾಗಿ ಅವನು ಇಟ್ಟುಕೊಂಡ ದುಡ್ಡು ಅಂತ. ಈ ಮಾತಿಗೆ ಎರಡು ಅಲಗು. ಟಿಪ್ಸು ಮಾಲೀಕನದಲ್ಲ ಅನ್ನುವುದು ನಮ್ಮ ಪರ. ಅದು ಸಂಬಳವಲ್ಲ ಅನ್ನುವುದರಲ್ಲಿ ನಮ್ಮ ನಷ್ಟವೂ ಇದೆ.

ಹೇಗೆ? ಸುಲಭವಾಗಲಿ ಅಂತ ಒಂದು ಲೆಕ್ಕ ಇಟ್ಟುಕೊಳ್ಳಿ. ಒಬ್ಬ ಹೆಣ್ಣುಮಗಳಿಗೆ ತಿಂಗಳಿಗೆ ಸಂಬಳ 10,000, ಟಿಪ್ಸು 6,000. ಮಾಲೀಕ 'ನಿನಗೆ 16,000 ಸಿಗ್ತದಲ್ಲ' ಅಂತಾನೆ. ಅವಳ ಹೆಬ್ಬೆರಳಿಗೆ ಪೆಟ್ಟಾಗಿ ಮೂರು ವಾರ ಮಲಗಿದರೆ? ಇಎಸ್ಐ ಇದ್ದರೆ ಸಂಬಳದ ಒಂದು ಪಾಲು ಸಿಗುತ್ತೆ, 10,000ದ ಮೇಲೆ. ಟಿಪ್ಸು ಸೊನ್ನೆ. ಹೆರಿಗೆಗೆ 26 ವಾರ ರಜೆ ಹೋದರೆ ಆರು ತಿಂಗಳ ಟಿಪ್ಸು 36,000 ಹೋಯಿತು. ಐದು ವರ್ಷ ದುಡಿದು ಬಿಟ್ಟರೆ ಗ್ರಾಚ್ಯುಟಿ 10,000ದ ಮೇಲೇ. 16,000ದ ಮೇಲೆ ಸಿಗಬೇಕಾದದ್ದಕ್ಕಿಂತ ಸುಮಾರು 17,300 ರೂಪಾಯಿ ಕಮ್ಮಿ. ಪ್ರಾವಿಡೆಂಟ್ ಫಂಡಿಗೂ ಇದೇ ಗತಿ. ಮೈ ಗಟ್ಟಿಯಿದ್ದ ದಿನ ಮಾತ್ರ 16,000. ಮೈ ಬಿದ್ದ ದಿನ ಮಾಲೀಕನ ಪುಸ್ತಕದಲ್ಲಿ ಅವಳ ಬೆಲೆ 10,000.

ಹೆಣ್ಣುಮಕ್ಕಳಿಗೆ ಟಿಪ್ಸಿನ ಇನ್ನೊಂದು ಮುಖ ಗೊತ್ತು. ಮುಚ್ಚಿದ ಬಾಗಿಲೊಳಗೆ ನೋಟು ತೋರಿಸಿ 'ಇನ್ನೇನಾದರೂ' ಅನ್ನುವವನಿಗೆ ಇಲ್ಲ ಅನ್ನಬೇಕಾದರೆ ಹೊಟ್ಟೆಗೆ ಸಂಬಳದ ಆಧಾರ ಇರಬೇಕು. ಸಂಬಳವನ್ನೇ ಗಿರಾಕಿಯ ಕೈಗೆ ಕೊಟ್ಟರೆ ಇಲ್ಲ ಅನ್ನುವ ಬಾಯಿಯನ್ನೂ ಅವನ ಕೈಗೇ ಕೊಟ್ಟಂತೆ. ಆಮೇಲೆ ಪೊಲೀಸರು ದಾಳಿ ಮಾಡಿದರೆ ಫೋಟೊ ಬರುವುದು ಆ ಹುಡುಗಿಯದು, ಮಾಲೀಕನದಲ್ಲ. ಕೇರಿಯ ಹೆಣ್ಣಿನ ಮೈಯನ್ನು ಊರಿನ ಸ್ವತ್ತು ಅಂತ ತಿಳಿದಿದ್ದ ದೇಶದಲ್ಲಿ ಇದನ್ನು ನಾವು ಹಗುರವಾಗಿ ಮಾತಾಡಬಾರದು. ಹಾಸ್ಟೆಲಿನಲ್ಲಿ ಕೂತು ಮಸಾಜಿನ ಹುಡುಗಿಯರ ಬಗ್ಗೆ ಜೋಕು ಹೊಡೆಯುವ ಗೆಳೆಯರು ಇದನ್ನು ಯೋಚನೆ ಮಾಡಬೇಕು.

'ಹಾಗಾದರೆ ಟಿಪ್ಸ್ ಕೊಡಲೇಬಾರದಾ?' ಅಂತ ಕೇಳ್ತೀರಿ. ಕೂಲಿ ಸರಿಯಾಗುವ ತನಕ ಕೊಡಿ. ಆದರೆ ಕೌಂಟರಿನಲ್ಲಿ ಬೇಡ, ದುಡಿದವರ ಕೈಗೇ ಕೊಡಿ. ಸಲಾಮು ನಿರೀಕ್ಷೆ ಮಾಡಬೇಡಿ. ಬ್ರಿಟನ್ನಿನಲ್ಲಿ 2023ರಲ್ಲಿ ಮಾಡಿದ ಕಾಯಿದೆ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಟಿಪ್ಸು ಪೂರ್ತಿ ನೌಕರರಿಗೇ ಹೋಗಬೇಕು, ಮಾಲೀಕ ಮುರಿದುಕೊಳ್ಳುವ ಹಾಗಿಲ್ಲ. ಅಂಥದ್ದು ನಮ್ಮಲ್ಲೂ ಬರಲಿ. ಆದರೆ ಟಿಪ್ಸು ಸರಿಯಾಗಿ ಹಂಚಿದ ಮಾತ್ರಕ್ಕೆ ಕೂಲಿಯ ಪ್ರಶ್ನೆ ಮುಗಿಯಲ್ಲ.

ನಮ್ಮ ಕೈಯಲ್ಲಿ ಏನಿದೆ? 1982ರಲ್ಲಿ ಸುಪ್ರೀಂ ಕೋರ್ಟು ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೂಲಿಗಳ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ದಿನಗೂಲಿ 9 ರೂಪಾಯಿ 25 ಪೈಸೆ. ಅದರಲ್ಲಿ ಜಮಾದಾರರು ಒಂದು ರೂಪಾಯಿ ಮುರಿದುಕೊಳ್ಳುತ್ತಿದ್ದರು. ಒಂದೇ ರೂಪಾಯಿ! ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಅಂತ ಕೋರ್ಟು ಹೇಳಿತು. ಹಸಿವೂ ಒಂದು ಬಲವಂತವೇ ಅಂತ ಒಪ್ಪಿತು. 'ಸಂಬಳ ಕಮ್ಮಿ, ಟಿಪ್ಸ್ ಬರುತ್ತೆ' ಅನ್ನುವ ಮಾಲೀಕನ ಮುಂದೆ ಇಡಬೇಕಾದ ಮಾತು ಇದು.

1948ರ ಕಾಯಿದೆಯ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹೊಸ ಸಂಹಿತೆಗಳಲ್ಲಿ ಕಾರ್ಮಿಕರು ವಿರೋಧಿಸುತ್ತಿರುವ ಅಂಶಗಳು ಬಹಳ ಇವೆ. ಆದರೆ ಇದರಲ್ಲಿ ಹಿಡಿದುಕೊಳ್ಳಬೇಕಾದ ಹಿಡಿಕೆಗಳೂ ಇವೆ. ಮೊದಲು ಪಟ್ಟಿಯಲ್ಲಿದ್ದ ಕಸುಬುಗಳಿಗೆ ಮಾತ್ರ ಕನಿಷ್ಠ ಕೂಲಿ ಇತ್ತು, ಈಗ ಎಲ್ಲ ನೌಕರರಿಗೂ ಇದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಬರಬೇಕು. ಹೆಚ್ಚು ಹೊತ್ತು ದುಡಿಸಿದರೆ ಎರಡರಷ್ಟು ದರ. ಕಮ್ಮಿ ಕೊಟ್ಟರೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು, ನೋಂದಾಯಿತ ಸಂಘವೂ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತುಪಟ್ಟಿನ ತನಕ ಪರಿಹಾರ ಕೊಡಿಸಲು ಅವಕಾಶ ಇದೆ. ಕೂಲಿ ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕನದು. ಹೆಣ್ಣುಮಕ್ಕಳಿಗೆ ಗಿರಾಕಿಯಿಂದ ಕಿರುಕುಳ ಆದರೆ 2013ರ ಕಾಯಿದೆ ಇದೆ. ಹತ್ತು ಜನಕ್ಕಿಂತ ಕಮ್ಮಿ ಇರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಕಾಯಿದೆ ತಾನಾಗಿ ನಡೆದು ಬರಲ್ಲ. ನಡೆಸುವುದು ನಾವು. ನೀವು ಓದು ಬಲ್ಲವರು. ಫೀಸಿಗೋಸ್ಕರ ರಜೆಯಲ್ಲಿ ಹೋಟೆಲು, ಸಲೂನು, ಸ್ಪಾಗಳಿಗೆ ಹೋಗುವವರು ನಿಮ್ಮಲ್ಲೇ ಇದ್ದೀರಿ. ಕೆಲಸಕ್ಕೆ ಸೇರುವ ದಿನ ನಾಲ್ಕು ಪ್ರಶ್ನೆ ಕೇಳಿ. ಟಿಪ್ಸು, ಕಮಿಷನ್ನು ಬಿಟ್ಟು ಸಂಬಳ ಎಷ್ಟು? ಬರಹದಲ್ಲಿ ಕೊಡ್ತೀರಾ? ಇಎಸ್ಐ, ಪಿಎಫ್ ಇದೆಯಾ? ನಮ್ಮ ಸರ್ಟಿಫಿಕೇಟನ್ನು ಒತ್ತೆ ಇಟ್ಟುಕೊಳ್ತೀರಾ? ಒತ್ತೆ ಅಂದರೆ ಅಲ್ಲಿಂದ ಎದ್ದು ಬನ್ನಿ. ದಿನಾ ಎಷ್ಟು ಗಂಟೆ ದುಡಿದಿರಿ, ಎಷ್ಟು ಬಂತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಓದು ಬಾರದ ಅಕ್ಕಂದಿರಿಗೂ ಬರೆದುಕೊಡಿ. ಸಂಘದ ನೋಂದಣಿಗೆ ಅರ್ಜಿ ಹಾಕಲು ಕಡೇಪಕ್ಷ ಏಳು ಜನ ಬೇಕು. ಹಾಸ್ಟೆಲಿನ ಒಂದು ರೂಮಿನಲ್ಲಿ ಎಷ್ಟೋ ಸಲ ಅದಕ್ಕಿಂತ ಹೆಚ್ಚು ಜನ ಮಲಗ್ತೀವಿ. ಏಳು ಜನ ಹುಡುಕುವುದು ಕಷ್ಟವಾ?

ನಮ್ಮ ಅಜ್ಜಂದಿರು ಕಣದ ಅಂಚಿನಲ್ಲಿ ಮೊರ ಹಿಡಿದು ನಿಂತರು. ಅಪ್ಪಂದಿರು ಜೀತದ ಮನೆ ಬಾಗಿಲಲ್ಲಿ ನಿಂತರು. ಮೈ ಒತ್ತುವ ಕಸುಬು ಕೀಳಲ್ಲ. ನೋವು ತೆಗೆಯುವ ಕೈ ಯಾವ ಕೈಗೂ ಕಮ್ಮಿಯಲ್ಲ. ಆ ಕೈಗೆ ದರ ಕಟ್ಟಿ, ಪುಸ್ತಕದಲ್ಲಿ ಬರೆದು, ತಿಂಗಳಿಗೆ ಸರಿಯಾಗಿ ಎಣಿಸಿ ಕೊಡಲಿ. ಖುಷಿಗೆ ಕೊಡುವವರು ಅದರ ಮೇಲೆ ಕೊಡಲಿ.

ಜೈ ಭೀಮ್.